ಕೊನೆಯ ದಿನಗಳ ಶುಶ್ರೂಷೆ: ನಮ್ಮೆಲ್ಲರ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಇಂದು ನಾನು ಆರಿಸಿಕೊಂಡಿರುವ ವಿಷಯ, ಗುಣವಾಗದ ಕಾಯಿಲೆಯಿಂದ ಕೊನೆಯ ದಿನಗಳನ್ನು ಎಣಿಸುತ್ತಿರುವ ರೋಗಿಯ ಶುಶ್ರೂಷೆ. ಇದಕ್ಕೂ ಶಿಕ್ಷಣಕ್ಕೂ ಏನು ಸಂಬಂಧವೆಂದು ತಮಗೆ ಅನ್ನಿಸಬಹುದು. ಆ ಸಂಬಂಧ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಎಂಟು, ಒಂಬತ್ತನೆಯ ತರಗತಿಯ ಹೆಣ್ಣುಮಗಳೊಬ್ಬಳು ವಾರಗಟ್ಟಲೆ ಬಾರದಿದ್ದರೆ ಶಿಕ್ಷಕರು ಮನೆಗೆ ಹೋಗಿ ವಿಚಾರಿಸುತ್ತಾರೆ. ಬಡತನ, ಮದುವೆ ಮಾತುಕತೆ, ಅಡಿಕೆ ಸುಲಿಯುವ ಕೆಲಸ ಇವೆಲ್ಲ ನಮಗೆ ಗೊತ್ತಿರುವ ಕಾರಣಗಳು. ಇವುಗಳ ಜೊತೆಗೆ ಮತ್ತೊಂದು ಕಾರಣವಿದೆ. ಮನೆಯಲ್ಲಿ ನಾನಿಯೋ ದಾದಿಯೋ ಹಾಸಿಗೆ ಹಿಡಿದಿರುತ್ತಾರೆ. ಅಮ್ಮಿ ಕೂಲಿಗೆ ಹೋಗಲೇಬೇಕು. ಹಾಗಾಗಿ ರೋಗಿಯ ಬಳಿ ಕೂರುವವಳು ಈ ಹುಡುಗಿ. ಮೂರು ತಿಂಗಳ ನಂತರ ಶಾಲೆಗೆ ಮರಳಿದರೆ ಅವಳ ಪುಣ್ಯ. ಎಷ್ಟೋ ಮಕ್ಕಳು ಮರಳುವುದೇ ಇಲ್ಲ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವುದರಿಂದ ಒಂದು ತಮಾಷೆಯ ಗೊಂದಲವನ್ನು ಆಗಾಗ ಬಿಡಿಸಬೇಕಾಗುತ್ತದೆ. ಕನ್ನಡದಲ್ಲಿ ದಾದಿ ಎಂದರೆ ಆಸ್ಪತ್ರೆಯ ನರ್ಸ್. ಉರ್ದುವಿನಲ್ಲಿ ದಾದಿ ಎಂದರೆ ತಂದೆಯ ತಾಯಿ. ಮಕ್ಕಳು ಇದನ್ನು ಕೇಳಿ ನಗುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಈಗ ಆಗುತ್ತಿರುವುದು ಇದೇ: ದಾದಿಗೆ ಒಬ್ಬ ದಾದಿ ಬೇಕಾಗಿದ್ದಾಳೆ. ಆ ಕೆಲಸವನ್ನು ಯಾರಿಂದಲೂ ಕಲಿಯದ ಹದಿನಾಲ್ಕು ವರ್ಷದ ಮೊಮ್ಮಗಳು ಮಾಡುತ್ತಿದ್ದಾಳೆ.

ಉರ್ದುವಿನಲ್ಲಿ ಇನ್ನೆರಡು ಪದಗಳಿವೆ. ಒಂದು ಇಯಾದತ್, ಅಂದರೆ ರೋಗಿಯನ್ನು ನೋಡಲು ಹೋಗುವುದು. ಇನ್ನೊಂದು ತೀಮಾರ್‌ದಾರಿ, ಅಂದರೆ ರೋಗಿಯ ಪಕ್ಕದಲ್ಲಿದ್ದು ಉಪಚಾರ ಮಾಡುವುದು. ಇಯಾದತ್‌ನಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ಸುದ್ದಿ ತಿಳಿದರೆ ಸಾಕು, ಹಣ್ಣು, ಬಿಸ್ಕತ್ತು ಹಿಡಿದು ಹತ್ತು ಜನ ಬರುತ್ತಾರೆ, ದುಆ ಮಾಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಇದು ಒಳ್ಳೆಯ ಸುನ್ನತ್. ಆದರೆ ಅವರೆಲ್ಲ ಹೋದ ಮೇಲೆ ಹಾಸಿಗೆ ಬದಲಿಸುವವರು, ಮಗ್ಗುಲು ಹೊರಳಿಸುವವರು, ರಾತ್ರಿ ಎರಡು ಗಂಟೆಗೆ ಎದ್ದು ನೀರು ಕೊಡುವವರು ಯಾರು? ಸೊಸೆ ಅಥವಾ ಮಗಳು, ಒಬ್ಬಳೇ. ತೀಮಾರ್‌ದಾರಿಯನ್ನು ಹಂಚಿಕೊಳ್ಳುವುದು ಮತ್ತು ಅದನ್ನು ಸರಿಯಾಗಿ ಕಲಿಯುವುದು ಹೇಗೆ ಎಂಬುದೇ ನನ್ನ ಇಂದಿನ ಮಾತು.

ಇಸ್ಲಾಮಿನ ಇತಿಹಾಸದಲ್ಲಿ ಮೊದಲ ದಾದಿ ಎಂದು ಗೌರವಿಸಲ್ಪಡುವವರು ಮದೀನಾದ ರುಫೈದಾ ಅಲ್ ಅಸ್ಲಮಿಯ್ಯಾ (ರ). ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ, ನಡೆದ ಖಂದಕ್ ಯುದ್ಧದಲ್ಲಿ ಸಹಾಬಿ ಸಅದ್ ಬಿನ್ ಮುಆಝ್ (ರ) ಅವರ ತೋಳಿಗೆ ಬಾಣ ತಗುಲಿ ನರ ಕಡಿದುಹೋಯಿತು. ಪ್ರವಾದಿಯವರು (ಸ) ಅವರನ್ನು ಮಸೀದಿಯ ಬಳಿಯಿದ್ದ ರುಫೈದಾರ ಡೇರೆಗೆ ಸಾಗಿಸಿದರು ಮತ್ತು ಬೆಳಿಗ್ಗೆ ಸಂಜೆ ಹೋಗಿ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದರು. ಸಅದ್ ಬದುಕಿ ಉಳಿಯಲಿಲ್ಲ. ಆದರೂ ರುಫೈದಾರ ಸೇವೆ ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ. ಒಂದೇ ಡೇರೆಯಲ್ಲಿ ಇಯಾದತ್ ಮತ್ತು ತೀಮಾರ್‌ದಾರಿ ಎರಡೂ ಕೂಡಿದ್ದವು. ಮಸೀದಿಯ ಅಂಗಳವೇ ಅದಕ್ಕೆ ಜಾಗ ಕೊಟ್ಟಿತ್ತು ಎಂಬುದನ್ನು ಜಮಾಅತಿನ ಹಿರಿಯರು ದಯವಿಟ್ಟು ಗಮನಿಸಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ದೊಡ್ಡ ಕಾಯಿಲೆ ಎಂದರೆ ನಮ್ಮವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುತ್ತಾರೆ, ಅಲ್ಲಿಂದ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುತ್ತಾರೆ. ಅಡಿಕೆ ತೋಟ ಅಡವಿಟ್ಟು, ಒಡವೆ ಮಾರಿ ಚಿಕಿತ್ಸೆ ಮಾಡಿಸುತ್ತಾರೆ. ಕೊನೆಗೊಂದು ದಿನ ವೈದ್ಯರು, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಆ ಮಾತಿನಿಂದ ಇಡೀ ಮನೆಯ ಧೈರ್ಯ ಕುಸಿಯುತ್ತದೆ.

ಗುಣಪಡಿಸಲು ಮಾಡುವುದೇನೂ ಇಲ್ಲದಿರಬಹುದು. ನೋವು ಕಡಿಮೆ ಮಾಡಲು, ಉಸಿರಾಟದ ಕಷ್ಟ ತಗ್ಗಿಸಲು, ಹುಣ್ಣಾಗದಂತೆ ನೋಡಿಕೊಳ್ಳಲು, ಮನಸ್ಸಿಗೆ ಸಮಾಧಾನ ಕೊಡಲು ಕೊನೆಯ ಉಸಿರಿನವರೆಗೂ ಮಾಡುವುದಿದೆ. ಇದನ್ನೇ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಇದಕ್ಕೆ ಆಧುನಿಕ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲ ಮಹಿಳೆ ಮೊದಲು ನರ್ಸ್ ಆಗಿ ತರಬೇತಿ ಪಡೆದು, ನಂತರ ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದರು. ಸಾಯುವವನ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಸೇರಿದ್ದು ಎಂದು ಅವರು ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆ ಬೇಕಾಗುತ್ತದೆ. ಸಿಗುವುದು ನೂರರಲ್ಲಿ ಸುಮಾರು 14 ಜನರಿಗೆ ಮಾತ್ರ. ಇವರೆಲ್ಲ ಕ್ಯಾನ್ಸರ್ ರೋಗಿಗಳಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರು, ಪಾರ್ಶ್ವವಾಯು ಹೊಡೆದವರು, ಮುಪ್ಪಿನಿಂದ ಸೋತವರು ಎಲ್ಲರೂ ಇದರಲ್ಲಿದ್ದಾರೆ.

ಈಗ ಮನೆಯಲ್ಲಿ ಮಾಡಬಹುದಾದ ಕೆಲವು ಉಪಚಾರಗಳನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳಿ, ಮನೆಯಲ್ಲಿ ಓದಿ ಹೇಳಿ.

ಮೊದಲನೆಯದು ಚರ್ಮದ ರಕ್ಷಣೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಒತ್ತುವ ಜಾಗದಲ್ಲಿ ರಕ್ತ ಓಡಾಡದೆ ಹಾಸಿಗೆ ಹುಣ್ಣು ಆಗುತ್ತದೆ. ಸೊಂಟದ ಹಿಂಭಾಗ, ಪೃಷ್ಠ, ಹಿಮ್ಮಡಿ, ಮೊಣಕೈ, ಭುಜ, ತಲೆಯ ಹಿಂಭಾಗ ಇವನ್ನು ದಿನವೂ ನೋಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಇಬ್ಬರು ಸೇರಿ ಎತ್ತಿ ಹೊರಳಿಸಬೇಕು. ಹಾಸಿಗೆ ಬಟ್ಟೆ ಸುಕ್ಕಿಲ್ಲದೆ ಒಣಗಿರಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಕೊನೆಯ ಒಂದೆರಡು ದಿನಗಳಲ್ಲಿ ಹೊರಳಿಸಿದಾಗ ರೋಗಿಗೆ ತೀರ ಕಷ್ಟವಾಗುವಂತಿದ್ದರೆ ಎಷ್ಟು ಹೊತ್ತಿಗೊಮ್ಮೆ ಎಂದು ನರ್ಸ್ ಅವರನ್ನು ಕೇಳಿ ತಿಳಿಯಬೇಕು.

ಎರಡನೆಯದು ಬಾಯಿ. ಕೊನೆಯ ದಿನಗಳಲ್ಲಿ ಬಾಯಿ ಒಣಗಿ ಬಿರಿಯುತ್ತದೆ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುತ್ತಿರಬೇಕು. ನಮ್ಮಲ್ಲಿ ಝಮ್‌ಝಮ್ ನೀರನ್ನು ಬಾಯಿಗೆ ಬಿಡುವ ರೂಢಿ ಇದೆ. ನುಂಗುವ ಶಕ್ತಿ ಇದ್ದರೆ ತಲೆ ಎತ್ತಿ ಹಿಡಿದು ಒಂದೊಂದೇ ಹನಿ ಕೊಡಿ. ನುಂಗಲಾಗದಿದ್ದರೆ ತುಟಿ ಒದ್ದೆ ಮಾಡಿದರೆ ಸಾಕು. ಚಮಚದಿಂದ ಸುರಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಮೂರನೆಯದು ಊಟ. ದೇಹ ಮುಗಿಯುತ್ತಾ ಬಂದಾಗ ಹಸಿವು ತಾನೇ ಕಡಿಮೆಯಾಗುತ್ತದೆ. ಊಟ ಬಿಟ್ಟದ್ದರಿಂದ ಸಾಯುತ್ತಿದ್ದಾರೆ ಎಂದು ನಾವು ಭಾವಿಸುತ್ತೇವೆ. ಸಾಮಾನ್ಯವಾಗಿ ದೇಹ ಕೊನೆಗೆ ಬಂದಿರುವುದರಿಂದಲೇ ಊಟ ಬಿಟ್ಟಿರುತ್ತಾರೆ. ಬಲವಂತವಾಗಿ ತುರುಕಬಾರದು. ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ ಎಂದು ನೆಂಟರು ಒತ್ತಾಯಿಸುವುದುಂಟು. ಆ ಹಂತದಲ್ಲಿ ದೇಹಕ್ಕೆ ಬೇಡದ ನೀರು ಸೇರಿದರೆ ಕೈಕಾಲು ಬಾತು, ಎದೆಯಲ್ಲಿ ಕಫ ಹೆಚ್ಚಾಗಬಹುದು. ಅದು ವೈದ್ಯರ ತೀರ್ಮಾನಕ್ಕೆ ಬಿಟ್ಟದ್ದು.

ನಾಲ್ಕನೆಯದು ಉಸಿರು. ಉಸಿರು ಸಿಕ್ಕದೆ ಒದ್ದಾಡುವಾಗ ದಿಂಬು ಒರಗಿಸಿ ಕೂರಿಸಬೇಕು, ಕಿಟಕಿ ತೆರೆಯಬೇಕು, ಮುಖಕ್ಕೆ ಮೆಲ್ಲನೆ ಗಾಳಿ ಬೀಸಬೇಕು. ಸುತ್ತ ಮುತ್ತಿಕೊಂಡ ಜನರನ್ನು ಹೊರಗೆ ಕಳುಹಿಸಬೇಕು. ಕೊನೆಯ ಗಂಟೆಗಳಲ್ಲಿ ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ. ನೋಡುವವರಿಗೆ ಅದು ಭಯಂಕರ, ಆದರೆ ಅರಿವು ತಪ್ಪಿದ ರೋಗಿಗೆ ಅದರಿಂದ ಅಷ್ಟು ಹಿಂಸೆಯಾಗುವುದಿಲ್ಲವೆಂದು ತಜ್ಞರು ಹೇಳುತ್ತಾರೆ. ಮಗ್ಗುಲಾಗಿ ಮಲಗಿಸಿದರೆ ಶಬ್ದ ತಗ್ಗುತ್ತದೆ. ಉಸಿರು ನಿಂತು ನಿಂತು ಬರುವುದು, ಕೈಕಾಲು ತಣ್ಣಗಾಗುವುದು ಆ ಹೊತ್ತಿನ ಲಕ್ಷಣಗಳು. ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಮಧ್ಯರಾತ್ರಿ ಬಾಡಿಗೆ ಕಾರು ಹಿಡಿದು ದಾವಣಗೆರೆಯ ದಾರಿಯಲ್ಲಿ ಪ್ರಾಣ ಹೋಗುವ ದುಃಖವೂ ತಪ್ಪುತ್ತದೆ.

ಐದನೆಯದು ನೋವು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಒಳ್ಳೆಯ ಔಷಧ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿನ ಚಿಕಿತ್ಸೆಗೆ ಮೂರು ಮೆಟ್ಟಿಲುಗಳ ಕ್ರಮವನ್ನು ಸೂಚಿಸಿತು. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಬೇಕು ಎಂಬುದು ಅದರ ಮುಖ್ಯ ನಿಯಮ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯಿದೆಯ ಕಟ್ಟುಪಾಡಿನಿಂದ ಆಸ್ಪತ್ರೆಗಳಿಗೇ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ದಾರಿಯನ್ನು ಸುಲಭಗೊಳಿಸಿತು. ಅನುಮತಿ ಪಡೆದ ಆಸ್ಪತ್ರೆಯಲ್ಲಿ, ತರಬೇತಿ ಪಡೆದ ವೈದ್ಯರ ಚೀಟಿಯ ಮೇಲೆ ಇದು ಸಿಗುತ್ತದೆ. ಇದು ಅಮಲಿನ ಪದಾರ್ಥವಲ್ಲವೇ, ಹರಾಮ್ ಅಲ್ಲವೇ ಎಂದು ಅಂಜಿ ಅನೇಕರು ರೋಗಿಯನ್ನು ನೋವಿನಲ್ಲೇ ಬಿಡುತ್ತಾರೆ. ವೈದ್ಯರ ಸಲಹೆಯಂತೆ, ಅನಿವಾರ್ಯವಾದಾಗ, ನೋವು ನಿವಾರಣೆಗೆಂದು ಬಳಸಲು ಅನುಮತಿ ಇದೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ವೈದ್ಯರು ಬೇರೆ ಔಷಧ ಕೊಡುತ್ತಾರೆ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಬೇರೆಯವರಿಗೆ ಕೊಡಲೇಬಾರದು.

ಆರನೆಯದು ಮಾತು. ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲ ಅರ್ಥ ಕೇಳಬೇಕೆಂಬ ಇಚ್ಛೆ. ರೋಗಿಗೆ ಹೇಳಿಕೊಳ್ಳಬೇಕಾದದ್ದು ಬಹಳ ಇರುತ್ತದೆ. ಯಾರದೋ ಸಾಲ ತೀರಿಸಬೇಕು, ತಮ್ಮನ ಜೊತೆ ಮಾತು ಬಿಟ್ಟಿದ್ದಕ್ಕೆ ಮಾಫಿ ಕೇಳಬೇಕು, ಮಗಳ ಪಾಲು ಕೊಡಬೇಕು, ವಸೀಯತ್ ಮಾಡಬೇಕು. ನಾವು ಬಾಯಿ ಮುಚ್ಚಿಸುತ್ತೇವೆ: ಹಾಗೆಲ್ಲ ಮಾತಾಡಬೇಡಿ ಅಬ್ಬಾ, ನಿಮಗೇನೂ ಆಗಲ್ಲ ಎನ್ನುತ್ತೇವೆ. ಅವರು ಆ ಭಾರವನ್ನು ಹೊತ್ತೇ ಹೋಗುತ್ತಾರೆ. ಕುಳಿತು ಕೇಳಿ. ನಮಾಝ್ ಮಾಡಲು ಆಸೆಪಟ್ಟರೆ ಮಲಗಿದಲ್ಲೇ ಸನ್ನೆಯಿಂದ ಮಾಡಬಹುದು, ವುಝೂ ಆಗದಿದ್ದರೆ ತಯಮ್ಮುಮ್ ಮಾಡಿಸಬಹುದು ಎಂದು ನೆನಪಿಸಿ. ಕೊನೆಯ ಹೊತ್ತಿನಲ್ಲಿ ಕಲಿಮಾವನ್ನು ಕಿವಿಯ ಬಳಿ ಮೆಲ್ಲಗೆ ಹೇಳಿ. ಹತ್ತು ಜನ ಸೇರಿ ಹೇಳು ಹೇಳು ಎಂದು ಒತ್ತಾಯಿಸುವುದನ್ನು ನಮ್ಮ ಉಲಮಾಗಳೂ ಒಪ್ಪುವುದಿಲ್ಲ. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು. ಆದ್ದರಿಂದ ಆಸ್ತಿಯ ಜಗಳವನ್ನು ಆ ಕೋಣೆಯಲ್ಲಿ ಎತ್ತಬೇಡಿ.

ಶ್ರದ್ಧೆಯ ಶುಶ್ರೂಷೆ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ಹೆಣ್ಣುಮಗಳ ಬದುಕೇ ಸಾಕ್ಷಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿಯೇ ಕ್ರೂರ ದಾಳಿಗೆ ತುತ್ತಾಗಿ ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಆ ಆಸ್ಪತ್ರೆಯ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಇಷ್ಟು ವರ್ಷ ಮಲಗಿದ್ದ ದೇಹದಲ್ಲಿ ಹಾಸಿಗೆ ಹುಣ್ಣು ಆಗದಂತೆ ಕಾಪಾಡಿದ್ದು ದೇಶದ ಗಮನ ಸೆಳೆಯಿತು. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಅರ್ಜಿಯನ್ನು ತಿರಸ್ಕರಿಸಿದಾಗ ಈ ನರ್ಸ್‌ಗಳ ಸೇವೆಯನ್ನು ಮನಸಾರೆ ಮೆಚ್ಚಿತು.

ಆ ತೀರ್ಪಿನಿಂದ ಆರಂಭವಾದ ಚರ್ಚೆ ಮುಂದುವರಿದು, 2018ರಲ್ಲಿ ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ಹೇಳಿತು. 2023ರಲ್ಲಿ ನಿಯಮಗಳನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರೂ ಒಬ್ಬರು. ಇದರ ಅರ್ಥ ಚುಚ್ಚುಮದ್ದು ಕೊಟ್ಟು ಸಾಯಿಸಬಹುದು ಎಂದಲ್ಲ. ಅದು ಕಾನೂನಿನಲ್ಲೂ ನಿಷಿದ್ಧ, ನಮ್ಮ ಧರ್ಮದಲ್ಲೂ ನಿಷಿದ್ಧ. ಚೇತರಿಕೆಯ ಆಸೆಯೇ ಇಲ್ಲದಾಗ, ಯಂತ್ರದಿಂದ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಎರಡು ವೈದ್ಯ ಮಂಡಳಿಗಳ ಒಪ್ಪಿಗೆಯ ಮೇಲೆ ನಿಲ್ಲಿಸುವ ವಿಷಯವಿದು. ಅಂಥ ಸಂದರ್ಭ ಬಂದವರು ವೈದ್ಯರನ್ನೂ ಆಲಿಮರನ್ನೂ ಕೇಳಿ ತೀರ್ಮಾನಿಸಲಿ. ನಾನು ಹೇಳುವುದಿಷ್ಟೆ: ಚಿಕಿತ್ಸೆ ನಿಲ್ಲಬಹುದು, ಆರೈಕೆ ನಿಲ್ಲಬಾರದು. ನೋವಿಗೆ ಔಷಧವೂ ಪಕ್ಕದಲ್ಲಿ ಮನುಷ್ಯರೂ ಇಲ್ಲದವನು ಸಾವನ್ನು ಬೇಡುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಊರಿನ ಜನರೇ ಕೂಡಿ ಮಾಡಬಹುದೆಂದು ನೆರೆಯ ಕೇರಳ ತೋರಿಸಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಅಲ್ಲಿಂದ ಅದು ಮಲಪ್ಪುರಂ ಜಿಲ್ಲೆಗೆ ಹರಡಿತು. ಅಂಗಡಿಯವರು, ಶಿಕ್ಷಕರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ತರಬೇತಿ ಪಡೆದು ನರ್ಸ್ ಜೊತೆ ಮನೆ ಮನೆಗೆ ಹೋಗುತ್ತಾರೆ. ಊರವರು ಕೊಡುವ ಸಣ್ಣ ಸಣ್ಣ ಮೊತ್ತದಿಂದ ಖರ್ಚು ನಡೆಯುತ್ತದೆ. ರೋಗಿಯ ಜಾತಿ, ಧರ್ಮ ಯಾರೂ ಕೇಳುವುದಿಲ್ಲ. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ಕರುಣಾಶ್ರಯ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆದರೆ ಬೆಂಗಳೂರು ನಮಗೆ ದೂರ. ಹತ್ತಿರದಲ್ಲಿರುವುದು ನಮ್ಮ ಉಪಕೇಂದ್ರ, ಅದೇ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ನೀಡಬೇಕಾದ ಸೇವೆಗಳ ಪಟ್ಟಿಯಲ್ಲಿ ಉಪಶಮನ ಆರೈಕೆಯೂ ಸೇರಿದೆ. ಆಶಾ ಕಾರ್ಯಕರ್ತೆಯನ್ನು, ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳುವುದು ನಮ್ಮ ಹಕ್ಕು. ಕೇಳುವವರಿದ್ದರೆ ಸೇವೆ ಬಲಗೊಳ್ಳುತ್ತದೆ.

ಸಂಘದ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ.

1. ನಾಲ್ಕೂ ಪಟ್ಟಣಗಳಲ್ಲಿ ಮಸೀದಿ ಅಥವಾ ಮದರಸಾದ ಒಂದು ಕೋಣೆಯಲ್ಲಿ ಏರ್ ಬೆಡ್, ವೀಲ್ ಚೇರ್, ಬೆಡ್ ಪ್ಯಾನ್, ಕಮೋಡ್ ಕುರ್ಚಿ ಇಟ್ಟು ಬೇಕಾದವರಿಗೆ ಎರವಲು ಕೊಡೋಣ. ಜನಾಝಾದ ಡೋಲಿಯನ್ನು ಪ್ರತಿ ಮಸೀದಿಯಲ್ಲೂ ಇಟ್ಟಿದ್ದೇವೆ. ಅದಕ್ಕೆ ಮೊದಲು ಬೇಕಾಗುವ ಸಾಮಾನುಗಳನ್ನೂ ಇಡೋಣ. ಯಾವ ಧರ್ಮದವರು ಕೇಳಿದರೂ ಕೊಡೋಣ.

2. ಪ್ರತಿ ತಾಲ್ಲೂಕಿನಿಂದ ಐದು ಗಂಡಸರು, ಐದು ಹೆಂಗಸರಿಗೆ ವೈದ್ಯರು ಮತ್ತು ನರ್ಸ್‌ಗಳಿಂದ ತರಬೇತಿ ಕೊಡಿಸೋಣ. ಗಂಡು ರೋಗಿಗೆ ಗಂಡಸರು, ಹೆಣ್ಣು ರೋಗಿಗೆ ಹೆಂಗಸರು ಸರದಿಯಂತೆ ಹೋಗಿ ವಾರಕ್ಕೆ ಎರಡು ದಿನ ಕೆಲವು ಗಂಟೆ ಕುಳಿತರೂ ಮನೆಯ ಹೆಣ್ಣುಮಗಳು ನಿದ್ದೆ ಮಾಡಬಹುದು, ಹುಡುಗಿ ಶಾಲೆಗೆ ಬರಬಹುದು. ಗಂಡುಮಕ್ಕಳೇ, ತಂದೆಯ ಮೈ ಒರೆಸುವುದು ತಂಗಿಯ ಕೆಲಸವೆಂದು ತಿಳಿಯಬೇಡಿ, ಅದು ನಿಮ್ಮ ಕೆಲಸ.

3. ನರ್ಸಿಂಗ್ ಓದುವವರಿಗೆ ಸಂಘದ ವಿದ್ಯಾರ್ಥಿವೇತನದಲ್ಲಿ ಒಂದು ಪಾಲು ಮೀಸಲಿಡೋಣ. ಪಿಯುಸಿ ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ಬೇರೆ ವಿಭಾಗದವರಿಗೂ ಮೂರು ವರ್ಷದ ಜಿ.ಎನ್.ಎಂ. ಇದೆ. ರಾತ್ರಿ ಪಾಳಿ ಇದೆ, ಅನ್ಯರನ್ನು ಮುಟ್ಟಬೇಕು ಎಂದು ಹೆಣ್ಣುಮಕ್ಕಳನ್ನು ತಡೆಯುವ ಪಾಲಕರು ರುಫೈದಾರನ್ನು ನೆನೆಯಲಿ. ಅಮ್ಮಿ ಆಸ್ಪತ್ರೆ ಸೇರಿದಾಗ ನೋಡಿಕೊಳ್ಳಲು ಹೆಣ್ಣು ನರ್ಸ್ ಬೇಕೆಂದು ಕೇಳುವವರು ನಾವೇ ಅಲ್ಲವೇ?

4. ಮನೆಯಲ್ಲಿ ರೋಗಿ ಇರುವ ಕಾರಣಕ್ಕೆ ಶಾಲೆ ತಪ್ಪಿಸಿಕೊಂಡ ಮಕ್ಕಳ ಹೆಸರನ್ನು ಶಿಕ್ಷಕರು ಸಂಘಕ್ಕೆ ತಿಳಿಸುವ ವ್ಯವಸ್ಥೆ ಮಾಡೋಣ. ಸರದಿಯ ಕಾರ್ಯಕರ್ತರು ಮೊದಲು ಆ ಮನೆಗೇ ಹೋಗಲಿ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಮುಂದಿನ ವಾರ್ಷಿಕ ಸಮಾರಂಭದ ವೇಳೆಗೆ ಒಂದು ತಾಲ್ಲೂಕಿನಲ್ಲಾದರೂ ಆರಂಭವಾದರೆ ಉಳಿದ ಮೂರು ಕಲಿಯುತ್ತವೆ. ಹೆಸರು ಕೊಡಲು ಇಚ್ಛಿಸುವವರು ಈ ಸಭೆ ಮುಗಿದ ಕೂಡಲೇ ಕಾರ್ಯದರ್ಶಿಗಳ ಬಳಿ ಬರೆಸಬಹುದು. ನನ್ನ ಹೆಸರನ್ನು ಈಗಾಗಲೇ ಬರೆಸಿದ್ದೇನೆ.

ರೋಗಿಗಳಿಗೆ ಅಲ್ಲಾಹನು ನೆಮ್ಮದಿಯನ್ನೂ, ಅವರ ಪಕ್ಕದಲ್ಲಿ ಎಚ್ಚರವಾಗಿರುವವರಿಗೆ ಶಕ್ತಿಯನ್ನೂ ನೀಡಲಿ, ಆಮೀನ್.